ಮೂರು ಡಾಲರ್ ಆಟಕ್ಕೆ ಒಂಬತ್ತು ಡಾಲರ್: ರೀಬೈ ಪೋಕರ್‌ನ ಕತೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೇಳ್ತಾ ಇರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನದು ಇಸ್ಪೀಟಿನ ಇತಿಹಾಸ. ಪೂರ್ತಿ ಇತಿಹಾಸ ಅಲ್ಲ, ಅದರ ಒಂದು ಸಣ್ಣ ಮೂಲೆ: ಸೋತವನು ಅದೇ ಕುರ್ಚಿಯಲ್ಲಿ ಕೂತು, ಇನ್ನೊಮ್ಮೆ ದುಡ್ಡು ಕಟ್ಟಿ, ಅದೇ ಟೂರ್ನಮೆಂಟ್ ಮುಂದುವರಿಸೋ ಪದ್ಧತಿ. ಇದಕ್ಕೆ ರೀಬೈ ಅಂತ ಹೆಸರು. ಈ ಮೂಲೆಯಲ್ಲಿ ನಾನೂ ಒಂದಷ್ಟು ದಿನ ಕೂತಿದ್ದೆ, ಆ ಲೆಕ್ಕವನ್ನೂ ಕೊನೆಗೆ ಒಪ್ಪಿಸ್ತೀನಿ.

1970ರಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಮೊದಲ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ನಡೆಯಿತು. ತಮಾಷೆ ಏನಪ್ಪಾ ಅಂದ್ರೆ, ಆ ವರ್ಷ ಗೆದ್ದವನನ್ನು ಆರಿಸಿದ್ದು ಆಟಗಾರರ ಮತದಿಂದ. ಜಾನಿ ಮಾಸ್ ಆಯ್ಕೆಯಾದರು. 1971ರಲ್ಲಿ ಪದ್ಧತಿ ಬದಲಾಯಿತು: ಎಲ್ಲರಿಗೂ ಸಮನಾದ ಚಿಪ್ಸ್, ಖಾಲಿಯಾದವನು ಎದ್ದು ಹೋಗಬೇಕು, ಕೊನೆಗೆ ಉಳಿದವನೇ ಗೆದ್ದಂತೆ. ಆಗಲೂ ಗೆದ್ದದ್ದು ಮಾಸ್. ಇದಕ್ಕೆ ಫ್ರೀಜ್‌ಔಟ್ ಅಂತಾರೆ. ನಮ್ಮೂರ ಕಬಡ್ಡಿಯಲ್ಲಿ ಔಟಾದವನು ಮತ್ತೆ ಒಳಗೆ ಬರ್ತಾನೆ. ಇಲ್ಲಿ ಆ ಅವಕಾಶ ಇಲ್ಲ.

ರೀಬೈ ಆ ಅವಕಾಶವನ್ನು ದುಡ್ಡಿಗೆ ಮಾರಿತು. ಆನ್‌ಲೈನ್‌ನಲ್ಲಿ ದುಡ್ಡಿನ ಪೋಕರ್ ಶುರುವಾಗಿದ್ದು 1998ರಲ್ಲಿ, 'ಪ್ಲಾನೆಟ್ ಪೋಕರ್' ಎಂಬ ತಾಣದಿಂದ. ಜನ ಮುಗಿಬಿದ್ದಿದ್ದು ಮಾತ್ರ 2003ರ ನಂತರ. ಟೆನ್ನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ (ನಿಜವಾದ ಹೆಸರೇ ಸ್ವಾಮಿ!) ಆನ್‌ಲೈನ್‌ನಲ್ಲಿ 86 ಡಾಲರ್ ಕಟ್ಟಿ, ಅಲ್ಲಿಂದ ವೇಗಸ್‌ಗೆ ಹೋಗಿ, 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ತಂದರು. ಮುಂದಿನ ವರ್ಷ ಅದೇ ಟೂರ್ನಿಗೆ 2,576 ಜನ. 2006ಕ್ಕೆ 8,773. ಆ ಅಲೆಯ ತಳದಲ್ಲಿ, ಒಂದು ಡಾಲರ್, ಮೂರು ಡಾಲರ್‌ನ ರೀಬೈ ಟೂರ್ನಿಗಳು ತುಂಬಿ ತುಳುಕುತ್ತಿದ್ದವು.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ಅಸಲಿ ಕತೆ ಇರೋದು ಇಲ್ಲೇ. ಆಗಿನ ಒಂದು ಮಾದರಿ ಮೂರು ಡಾಲರ್ ಟೂರ್ನಿ ತಗೊಳ್ಳಿ. ಪ್ರವೇಶಕ್ಕೆ 3 ಡಾಲರ್, ಜೊತೆಗೆ ತಾಣದ ಕಮಿಷನ್ 30 ಸೆಂಟ್. ಸಿಗೋದು 1,500 ಚಿಪ್ಸ್. ಮೊದಲ ಒಂದು ಗಂಟೆ ನಿಮ್ಮ ಹತ್ತಿರ 1,500 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇನ್ನೊಂದು 3 ಡಾಲರ್‌ಗೆ ಮತ್ತೆ 1,500. ಇದಕ್ಕೆ ಕಮಿಷನ್ ಇಲ್ಲ. ಗಂಟೆ ಮುಗಿದಾಗ ಆಡ್-ಆನ್: 3 ಡಾಲರ್‌ಗೆ 2,000. ಅಂದ್ರೆ ಒಂದು ಡಾಲರ್‌ಗೆ ಪ್ರವೇಶದಲ್ಲಿ ಸುಮಾರು 455 ಚಿಪ್ಸ್, ರೀಬೈನಲ್ಲಿ 500, ಆಡ್-ಆನ್‌ನಲ್ಲಿ 667. ಅತಿ ಅಗ್ಗದ ಮಾಲು ಕೊನೆಗೆ ಬರುತ್ತೆ.

ಹಾಗಾಗಿ ತಿಳಿದವರು ಕೂತ ತಕ್ಷಣವೇ ಒಂದು ರೀಬೈ ತಗೋತಿದ್ರು. ಯಾಕೆ? ಎದುರಿನವನ ಹತ್ತಿರ 3,000 ಇದ್ದು ನಿಮ್ಮ ಹತ್ತಿರ 1,500 ಮಾತ್ರ ಇದ್ದರೆ, ಒಳ್ಳೆ ಎಲೆ ಬಂದಾಗಲೂ ಅವನಿಂದ ಗೆಲ್ಲೋದು 1,500 ಅಷ್ಟೇ. ಆಮೇಲೆ ಆಡ್-ಆನ್ ಸಾಮಾನ್ಯವಾಗಿ ಬಿಡ್ತಿರಲಿಲ್ಲ. 25,000 ಚಿಪ್ಸ್ ಗುಡ್ಡೆ ಹಾಕಿಕೊಂಡವನಿಗೆ ಮಾತ್ರ ಆ 2,000 ಲೆಕ್ಕಕ್ಕಿಲ್ಲ. ಒಟ್ಟು ಎಷ್ಟಾಯ್ತು? 9 ಡಾಲರ್ 30 ಸೆಂಟ್, ಅದೂ ಒಂದು ಸಲವೂ ಸೋಲದಿದ್ದರೆ. ಮೂಗಿಗಿಂತ ಮೂಗುತಿ ಭಾರ.

ಮೊದಲ ಗಂಟೆ ಅಂತೂ ಜಾತ್ರೆ. 'ಹೋದ್ರೆ ಹೋಗ್ಲಿ, ಮತ್ತೆ ಕಟ್ಟಿದ್ರಾಯ್ತು' ಅಂತ ಪ್ರತಿ ಕೈಗೂ ಇದ್ದಬದ್ದ ಚಿಪ್ಸ್ ಮುಂದೆ ತಳ್ಳೋ ಜನ. ಆ ಗಲಾಟೆಯಲ್ಲಿ ನಾವೂ ಕುಣಿದರೆ ನಷ್ಟ. ಜಾಣತನ ಅಂದ್ರೆ ಕಾಯೋದು: ದೊಡ್ಡ ಜೋಡಿ, ಏಸ್-ಕಿಂಗ್ ತರದ ಎಲೆ ಬಂದಾಗ ಬ್ಲಫ್ ಗಿಫ್ ಏನೂ ಇಲ್ಲದೆ ಜೋರಾಗಿ ದುಡ್ಡು ಹಾಕೋದು. ರೀಬೈ ಮಾಡುವವನ ಮುಂದೆ ಬ್ಲಫ್ ನಡೆಯಲ್ಲ, ಅವನು ಹೆದರೋದೇ ಇಲ್ಲವಲ್ಲ! ಗಂಟೆ ಮುಗಿದು ಆಡ್-ಆನ್ ಆದಮೇಲೆ ಅದೇ ಜನ ಬೆಕ್ಕಿನ ಹಾಗೆ ಮೆತ್ತಗಾಗ್ತಾರೆ, ಇನ್ನು ಹೋದ್ರೆ ಮನೆಗೇ ಅಂತ. ಹೆದರಿಸಿ ಗೆಲ್ಲೋಕೆ ಆಗ ಸಮಯ. ಇಷ್ಟು ಗೊತ್ತಿದ್ದವನು ಎಷ್ಟು ಸಲ ಕಟ್ಟಬೇಕು ಅನ್ನೋದನ್ನ ಆಟಕ್ಕೆ ಕೂರೋ ಮುಂಚೆಯೇ ತೀರ್ಮಾನ ಮಾಡಿರ್ತಿದ್ದ.

ದೊಡ್ಡ ವೇದಿಕೆಯಲ್ಲೂ ಇದೇ ನಡೀತಿತ್ತು. 2006ರಲ್ಲಿ ಡೇನಿಯಲ್ ನೆಗ್ರಾನು ವೇಗಸ್‌ನ 1,000 ಡಾಲರ್ ರೀಬೈ ಟೂರ್ನಿಯಲ್ಲಿ ನಲವತ್ತಕ್ಕೂ ಹೆಚ್ಚು ಸಲ ಮತ್ತೆ ಕಟ್ಟಿದರು. ದುಡ್ಡಿದ್ದವರು ಪ್ರಶಸ್ತಿಯ ಬ್ರೇಸ್‌ಲೆಟ್ ಕೊಂಡುಕೊಳ್ತಿದ್ದಾರೆ ಎಂಬ ದೂರು ಜೋರಾಗಿತ್ತು. 2009ರಿಂದ ವರ್ಲ್ಡ್ ಸೀರೀಸ್ ರೀಬೈ ಕೈಬಿಟ್ಟಿತು. ನಂತರ ರೀ-ಎಂಟ್ರಿ ಅಂತ ಅದರ ತಮ್ಮ ಬಂದ: ಎದ್ದು ಹೋಗಿ, ಹೊಸ ಟಿಕೆಟ್ ತಗೊಂಡು, ಬೇರೆ ಕುರ್ಚಿಯಲ್ಲಿ ಕೂರಬೇಕು. ನನ್ನ ಕೇಳಿದ್ರೆ ಅಂಗಡಿ ಅದೇ, ಬೋರ್ಡ್ ಮಾತ್ರ ಬೇರೆ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಮೂರು ದೊಡ್ಡ ತಾಣಗಳ ಮೇಲೆ ಮುಗಿಬಿತ್ತು, ಅಲ್ಲಿಗೆ ಆ ದೇಶದ ಚಿಲ್ಲರೆ ಆಟಗಾರರ ಕಾಲ ಹೆಚ್ಚುಕಮ್ಮಿ ಮುಗಿಯಿತು.

ನಮ್ಮಲ್ಲಿ ಆಗ ಶುರುವಾಗ್ತಿತ್ತು. ನಾನು ಬೆಂಗಳೂರಿನ ಪಿಜಿಯಲ್ಲಿದ್ದಾಗ ಒಂದು ಆ್ಯಪ್‌ನಲ್ಲಿ ₹50ರ ರೀಬೈ ಆಡ್ತಿದ್ದೆ, ಕಮಿಷನ್ ಸೇರಿ ₹55. ತಿಂಗಳಿಗೆ ಸಾವಿರ ಚಿಲ್ಲರೆ ಹೋಗ್ತಿದೆ ಅಂತಲೇ ಅಂದ್ಕೊಂಡಿದ್ದೆ. ಒಂದು ತಿಂಗಳು ಹಠ ಹಿಡಿದು ನೋಟ್‌ಬುಕ್‌ನಲ್ಲಿ ಬರೆದೆ. 22 ಪ್ರವೇಶ, ₹1,210. ರೀಬೈ 51, ₹2,550. ಆಡ್-ಆನ್ 17, ₹850. ಒಟ್ಟು ₹4,610. ಗೆದ್ದು ವಾಪಸ್ ಬಂದದ್ದು ₹2,940. ಮೇಲೆ ಹೇಳಿದ ತಂತ್ರ ಎಲ್ಲಾ ನನಗೆ ಬಾಯಿಪಾಠವಾಗಿತ್ತು. ರಾತ್ರಿ ಹನ್ನೊಂದು ಗಂಟೆಗೆ ಸೋತಾಗ 'ರೀಬೈ' ಬಟನ್ ಮೇಲೆ ಹೋಗ್ತಿದ್ದ ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಅಪ್ಪ ಮೆಸ್‌ಗೆ ಅಂತ ಕಳಿಸಿದ್ದ ದುಡ್ಡು ಅದು.

ಪೋಕರ್ ಕೌಶಲವೋ ಅದೃಷ್ಟವೋ ಅಂತ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಕರ್ನಾಟಕ 2021ರಲ್ಲಿ ಕಾನೂನು ತಂದು ಆನ್‌ಲೈನ್ ಪಂದ್ಯದಾಟ ನಿಷೇಧಿಸಿತು, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಒಂದೇ ಸಾಲಿಗೆ ತಂದು ನಿಷೇಧಿಸಿತು. ನನ್ನ ಆಟ ಅಷ್ಟರೊಳಗೆ ನಿಂತಿತ್ತು, ಕಾನೂನಿಗೆ ಹೆದರಿ ಅಲ್ಲ, ಆ ನೋಟ್‌ಬುಕ್ ನೋಡಿ. ಅದು ಇನ್ನೂ ನನ್ನ ಹತ್ರ ಇದೆ. 51ರ ಪಕ್ಕದಲ್ಲಿ, ಆ ತಿಂಗಳ ಮೆಸ್ ಬಿಲ್‌ಗೆ ರೂಮ್‌ಮೇಟ್ ಹತ್ರ ತಗೊಂಡ ₹1,500 ಬರೆದಿಟ್ಟಿದ್ದೀನಿ, ಮೇಲೆ ಒಂದು ಗೆರೆ ಎಳೆದಿದೆ: ತೀರಿಸಿದ್ದು ಮೊದಲ ಸಂಬಳದಲ್ಲಿ.