ಬಿದ್ದ ಗಾಡಿಯನ್ನು ಎತ್ತುವವರು

ರಾತ್ರಿ ಬಸ್ಸಿನಲ್ಲಿ ಪ್ರಯಾಣ ಮಾಡುವ ನಮಗೆಲ್ಲ ಆ ದೃಶ್ಯ ಪರಿಚಿತವೇ. ಹೆದ್ದಾರಿಯ ಮೇಲೆ ಒಂದು ಲಾರಿ ಕೆಟ್ಟು ನಿಂತಿರುತ್ತದೆ. ಅದರ ಹಿಂದೆ ಸ್ವಲ್ಪ ದೂರದಲ್ಲಿ ಸೊಪ್ಪಿನ ಕೊಂಬೆಯೊಂದು, ಅದು ಹಾರಿಹೋಗದಂತೆ ನಾಲ್ಕು ದಪ್ಪ ಕಲ್ಲುಗಳು. ಕ್ಲೀನರ್ ಹುಡುಗ ಟಾರ್ಚು ಹಿಡಿದು ಬರುವ ವಾಹನಗಳಿಗೆಲ್ಲ ಕೈ ಬೀಸುತ್ತಿರುತ್ತಾನೆ. ಮರುದಿನ ಅದೇ ದಾರಿಯಲ್ಲಿ ಹಿಂದಿರುಗಿದರೆ ಲಾರಿ ಇರುವುದಿಲ್ಲ, ಹುಡುಗನೂ ಇರುವುದಿಲ್ಲ. ಕಲ್ಲುಗಳು ಮಾತ್ರ ಅಲ್ಲಿಯೇ ಇರುತ್ತವೆ.

ದಾರಿಯಲ್ಲಿ ಬಿದ್ದ ಮುಳ್ಳನ್ನು ಎತ್ತಿ ಬದಿಗೆ ಹಾಕುವುದೂ ಒಂದು ಸದಕಾ ಎಂದು ಮದರಸಾದ ಚಾಪೆಯ ಮೇಲೆ ಕುಳಿತು ಕಲಿತವರು ನಾವು. ಕೆಟ್ಟ ವಾಹನವನ್ನು ದಾರಿಯಿಂದ ಸರಿಸುವ ಕೆಲಸವೂ ಆ ಸಾಲಿಗೇ ಸೇರಬೇಕಾದದ್ದು. ಆದರೆ ಮುಳ್ಳನ್ನು ಎರಡು ಬೆರಳುಗಳಿಂದ ಎತ್ತಬಹುದು. ಹತ್ತು ಟನ್ ತೂಕದ ಲಾರಿಯನ್ನು ಎತ್ತುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಜನರ ಇತಿಹಾಸ ನೂರು ವರ್ಷಗಳಿಗೂ ಹೆಚ್ಚಿನದು. ಅದನ್ನು ಓದುತ್ತಾ ಹೋದಂತೆ ಒಂದು ಸಂಗತಿ ನಮ್ಮನ್ನು ಕಾಡತೊಡಗಿತು. ಬಿದ್ದ ಗಾಡಿಯನ್ನು ಜೋಪಾನವಾಗಿ ಎತ್ತುವ ವಿದ್ಯೆಯನ್ನು ಮನುಷ್ಯ ಬೇಗನೆ ಕಲಿತ. ಎತ್ತುವವನನ್ನು ಜೋಪಾನ ಮಾಡುವ ವಿದ್ಯೆಯನ್ನು ಬಹಳ ತಡವಾಗಿ ಕಲಿತ.

ಎತ್ತಿನ ಗಾಡಿಯ ಕಾಲದಲ್ಲಿ ಇದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಗಾಡಿ ಕೆಸರಿನಲ್ಲಿ ಹೂತರೆ ಹಿಂದಿನ ಗಾಡಿಯ ಜೋಡೆತ್ತುಗಳನ್ನು ತಂದು ಮುಂದೆ ಕಟ್ಟುತ್ತಿದ್ದರು. ನಾಲ್ಕು ಜನ ಚಕ್ರಕ್ಕೆ ಹೆಗಲು ಕೊಡುತ್ತಿದ್ದರು. ಮೋಟಾರು ಬಂದ ಮೇಲೆ ವಾಹನದ ತೂಕವೂ ಹೆಚ್ಚಿತು, ವೇಗವೂ ಹೆಚ್ಚಿತು. ಬಿದ್ದರೆ ಹೆಗಲು ಕೊಟ್ಟು ಎತ್ತುವ ಹಾಗಿರಲಿಲ್ಲ.

ಮೋಟಾರು ಬೇಗನೆ ಮನೆಮಾತಾದ ಅಮೆರಿಕದಲ್ಲಿಯೇ ಈ ತೊಂದರೆಗೆ ಮೊದಲ ಉಪಾಯವೂ ಹುಟ್ಟಿತು. ಟೆನೆಸ್ಸಿ ರಾಜ್ಯದ ಚಾಟನೂಗಾ ಎಂಬ ಊರಿನಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬಾತ ಮೋಟಾರು ಗ್ಯಾರೇಜು ನಡೆಸುತ್ತಿದ್ದ. 1916ರಲ್ಲಿ ಆತನ ಪರಿಚಯದ ಜಾನ್ ವೈಲಿ ಎಂಬವರ ಫೋರ್ಡ್ ಕಾರು ರಸ್ತೆಯಿಂದ ಜಾರಿ ಚಿಕಮಾಗಾ ಹಳ್ಳಕ್ಕೆ ಉರುಳಿತು. ಹಗ್ಗ, ಮರದ ದಿಮ್ಮಿಗಳನ್ನು ಹಿಡಿದು ಹಲವು ಆಳುಗಳು ಗಂಟೆಗಟ್ಟಲೆ ಹೆಣಗಾಡಿದ ಮೇಲೆ ಕಾರು ಮೇಲೆ ಬಂತು. ಈ ಪಾಡು ಸಾಕೆನಿಸಿದ ಹೋಮ್ಸ್ 1913ರ ಒಂದು ಕ್ಯಾಡಿಲಾಕ್ ಕಾರಿನ ಹಿಂಭಾಗದಲ್ಲಿ ಮೂರು ಕಂಬಗಳನ್ನು ನಿಲ್ಲಿಸಿ, ಒಂದು ರಾಟೆ ಮತ್ತು ಸರಪಳಿಯನ್ನು ಜೋಡಿಸಿದ. ಚಾಟನೂಗಾದವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುವ ಕಥೆಯಿದು.

ಕಥೆ ಬರೆಯುವ ನಮಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಹೋಮ್ಸನ ಮೊದಲ ಪ್ರಯತ್ನ ಸೋತ ಭಾಗ. ಎತ್ತಲು ಹೋದ ಗಾಡಿ ತಾನೇ ನೆಲೆ ತಪ್ಪಿತು. ಇದರ ಲೆಕ್ಕ ಸರಳವಾದುದು. ಲಾರಿಯ ಹಿಂದಿನ ಚಕ್ರದಿಂದ 2 ಮೀಟರ್ ಹಿಂದಕ್ಕೆ 1000 ಕಿಲೋ ಭಾರ ನೇತಾಡುತ್ತಿದೆಯೆನ್ನೋಣ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 4 ಮೀಟರ್ ಅಂತರವಿದೆ. ಆಗ ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 500 ಕಿಲೋ ಇಳಿದುಹೋಗುತ್ತದೆ. ಹಿಂದಿನ ಚಕ್ರಗಳ ಮೇಲೆ 1500 ಕಿಲೋ ಏರುತ್ತದೆ. ಮಕ್ಕಳ ಏತದಾಟದ ನಿಯಮವೇ ಇಲ್ಲಿಯೂ. ಮುಂದಿನ ಚಕ್ರ ಹಗುರಾದರೆ ಸ್ಟೇರಿಂಗು ಮಾತು ಕೇಳುವುದಿಲ್ಲ, ಬ್ರೇಕು ಹಿಡಿಯುವುದಿಲ್ಲ. ಹೋಮ್ಸ್ ಗಾಡಿಯ ಬದಿಗಳಿಂದ ಹೊರಚಾಚಿ ನೆಲಕ್ಕೆ ಊರುವ ಆಸರೆ ಕಾಲುಗಳನ್ನು ಸೇರಿಸಿದ. ಕೆಲಸ ಗೆದ್ದಿತು. 1917ರಲ್ಲಿ ಆತ ಪೇಟೆಂಟಿಗೆ ಅರ್ಜಿ ಹಾಕಿದ. ಇಂದಿನ ದೊಡ್ಡ ಕ್ರೇನುಗಳೂ ಕೆಲಸಕ್ಕಿಳಿಯುವ ಮೊದಲು ಅಂಥ ಕಾಲುಗಳನ್ನು ಚಾಚಿಯೇ ನಿಲ್ಲುತ್ತವೆ. ಬಿದ್ದವರನ್ನು ಎತ್ತುವವನ ಕಾಲು ಮೊದಲು ಭದ್ರವಾಗಿರಬೇಕೆಂಬ ಪಾಠವನ್ನು ಈ ಕಸುಬು ಆರಂಭದಲ್ಲೇ ಕಲಿಯಿತು.

ಮುಂದಿನ ಹಂತ ಜೋಡಿ ಬೂಮಿನದು. ಬೂಮ್ ಎಂದರೆ ಲಾರಿಯ ಬೆನ್ನಿನಿಂದ ಹೊರಚಾಚುವ ಕಬ್ಬಿಣದ ತೋಳು. ಹೊಂಡಕ್ಕೆ ಬಿದ್ದ ವಾಹನವನ್ನು ಒಂದು ತೋಳಿನಿಂದ ಪಕ್ಕಕ್ಕೆ ಎಳೆಯುವಾಗ ಲಾರಿ ಅತ್ತ ಕಡೆಗೇ ಮಗುಚಬಹುದು. ಅದಕ್ಕಾಗಿ ಇನ್ನೊಂದು ತೋಳಿನ ಹಗ್ಗವನ್ನು ಎದುರು ಬದಿಯ ಗಟ್ಟಿ ಮರಕ್ಕೋ ಗೂಟಕ್ಕೋ ಬಿಗಿಯುತ್ತಿದ್ದರು. ಒಂದು ತೋಳು ಎಳೆಯುವುದು, ಇನ್ನೊಂದು ತಡೆದು ಹಿಡಿಯುವುದು. ಎರಡನೇ ಮಹಾಯುದ್ಧದಲ್ಲಿ ಡೈಮಂಡ್ ಟಿ ಸೇನಾ ಲಾರಿಗಳ ಮೇಲೆ ಹೋಮ್ಸ್ ಕಂಪೆನಿಯ ಡಬ್ಲ್ಯು-45 ಜೋಡಿ ಬೂಮ್‌ಗಳು ಕೂತಿದ್ದವು. ನೆಲಬಾಂಬಿಗೂ ಕೆಸರಿಗೂ ಸಿಕ್ಕ ವಾಹನಗಳನ್ನು ಎಳೆದು ತಂದು ದುರಸ್ತಿ ಮಾಡಿ ಮತ್ತೆ ರಣರಂಗಕ್ಕೆ ಕಳಿಸುವುದು ಅವುಗಳ ಕೆಲಸ.

ಕಾರುಗಳು ಬದಲಾದಂತೆ ಎತ್ತುವ ಉಪಕರಣವೂ ಬದಲಾಗಬೇಕಾಯಿತು. ಹಳೆಯ ಕಾರಿನ ಬಂಪರು ಗಟ್ಟಿ ಕಬ್ಬಿಣದ್ದು. ಕೊಕ್ಕೆ ಹಾಕಿ ಸರಪಳಿಯಿಂದ ಎತ್ತಿದರೆ ಏನೂ ಆಗುತ್ತಿರಲಿಲ್ಲ. ಬಂಪರಿಗೆ ಪ್ಲಾಸ್ಟಿಕ್ ಬಂದ ಮೇಲೆ ಕೊಕ್ಕೆ ಹಾಕಿದರೆ ಬಂಪರೇ ಕಿತ್ತು ಬರತೊಡಗಿತು. ಮೊದಲು ರಬ್ಬರಿನ ಅಗಲ ಪಟ್ಟಿಗಳು ಬಂದವು. ನಂತರ ಚಕ್ರವನ್ನು ಮಾತ್ರ ಕೆಳಗಿನಿಂದ ತಬ್ಬಿ ಎತ್ತುವ ಹೈಡ್ರಾಲಿಕ್ ತೋಳು ಬಂತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಕಾರುಗಳಲ್ಲಿ ಎರಡು ಚಕ್ರ ಎತ್ತಿ ಇನ್ನೆರಡನ್ನು ಉರುಳಿಸುತ್ತ ಎಳೆದರೆ ಒಳಗಿನ ಗೇರುಗಳು ಹಾಳಾಗುತ್ತವೆ. ಅಂಥವಕ್ಕೆ ಇಡೀ ಕಾರನ್ನೇ ಮೇಲೆ ಹೊರುವ ಹಲಗೆ ಲಾರಿಯೇ ಬೇಕು. ಅದರ ಹಲಗೆ ಹಿಂದಕ್ಕೆ ಜಾರಿ ನೆಲಕ್ಕೆ ಬಾಗುತ್ತದೆ. ವಿಂಚು ಕಾರನ್ನು ಮೆಲ್ಲನೆ ಮೇಲಕ್ಕೆಳೆಯುತ್ತದೆ.

ಈ ಯಂತ್ರಗಳ ಒಳಗೆ ಅಡಗಿರುವ ಪುಟ್ಟ ಕಾವಲುಗಾರರ ಬಗ್ಗೆಯೂ ಹೇಳಬೇಕು. ವಿಂಚಿನ ಹಲ್ಲಿನ ಚಕ್ರಕ್ಕೆ ಒಂದು ಕಬ್ಬಿಣದ ನಾಲಿಗೆ ಅಂಟಿಕೊಂಡಿರುತ್ತದೆ. ಹಿಡಿ ಕೈತಪ್ಪಿದರೂ ಚಕ್ರ ಹಿಂದಕ್ಕೆ ತಿರುಗದಂತೆ ಅದು ಕಚ್ಚಿ ಹಿಡಿಯುತ್ತದೆ. ಹೈಡ್ರಾಲಿಕ್ ಕೊಳವೆ ಒಡೆದು ಎಣ್ಣೆ ಸೋರಿದರೂ ಎತ್ತಿದ ಭಾರ ಧೊಪ್ಪನೆ ಬೀಳದಂತೆ ಸಿಲಿಂಡರಿನ ಬಾಯಲ್ಲೇ ಒಂದು ಕವಾಟ ಮುಚ್ಚಿಕೊಳ್ಳುತ್ತದೆ. ಎಳೆಯುವ ಕೊಂಡಿ ಕಳಚಿಕೊಂಡರೆ ಹಿಂದಿನ ವಾಹನ ಎತ್ತಲೋ ನುಗ್ಗದಂತೆ ಎರಡು ಸುರಕ್ಷಾ ಸರಪಳಿಗಳು ಬೇರೆಯೇ ಇರುತ್ತವೆ. ಸರಪಳಿಯ ಮೇಲೆ ಅದು ಹೊರಬಹುದಾದ ಭಾರದ ಮಿತಿ ನಿಗದಿಯಾಗಿರುತ್ತದೆ. ಎತ್ತುವ ಸರಪಳಿಗಳಲ್ಲಿ ಆ ಮಿತಿ ಸಾಮಾನ್ಯವಾಗಿ ಅದು ಕಡಿಯುವ ಭಾರದ ನಾಲ್ಕನೇ ಒಂದು ಪಾಲು ಮಾತ್ರ. ಉಳಿದ ಮೂರು ಪಾಲು, ಮನುಷ್ಯನ ತಪ್ಪಿಗೆಂದು ಇಟ್ಟ ಮೀಸಲು. 2004ರಿಂದ ಜಾರಿಗೆ ಬಂದ ಅಮೆರಿಕದ ನಿಯಮದ ಪ್ರಕಾರ ಸಾಗಣೆ ಲಾರಿಯ ಮೇಲಿನ ಕಾರನ್ನು ಮುಂದೆಯೂ ಹಿಂದೆಯೂ ಕಟ್ಟಲೇಬೇಕು. ಕನಿಷ್ಠ ಎರಡು ಕಟ್ಟುಗಳಿರಬೇಕು. ಕಾರಿನ ಹ್ಯಾಂಡ್‌ಬ್ರೇಕನ್ನು ನಂಬಿ ಹೊರಡುವ ಹಾಗಿಲ್ಲ.

ಇಷ್ಟಾದರೂ ಉಕ್ಕಿನ ಹಗ್ಗದ ಭಯ ಮಾತ್ರ ಹೋಗಲಿಲ್ಲ. ಬಿಗಿದು ನಿಂತ ಹಗ್ಗ ಕಡಿದರೆ ಅದರೊಳಗೆ ತುಂಬಿದ್ದ ಶಕ್ತಿಯೆಲ್ಲ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಎದುರಿಗಿದ್ದವನ ಕೈಕಾಲು, ಪ್ರಾಣ ಯಾವುದೂ ಉಳಿಯುವುದಿಲ್ಲ. ಹಗ್ಗವನ್ನು ರಾಟೆಗೆ ಸುತ್ತಿ ಬಂದ ದಿಕ್ಕಿಗೇ ಹಿಂದಿರುಗಿಸಿದರೆ ರಾಟೆ ಕಟ್ಟಿದ ಗೂಟದ ಮೇಲೆ ಹಗ್ಗದ ಎಳೆತದ ಎರಡರಷ್ಟು ಬಲ ಬೀಳುತ್ತದೆ. ಇದು ತಿಳಿಯದವನು ಹಗ್ಗವನ್ನು ನೋಡಿ ಧೈರ್ಯ ತಂದುಕೊಳ್ಳುತ್ತಾನೆ. ಗೂಟ ಕಿತ್ತು ಬರುತ್ತದೆ. ನಮ್ಮ ಹಿರಿಯರು ನೀರು ಸೇದುವ ಮೊದಲು ಬಾವಿಯ ಹಗ್ಗವನ್ನು ಕೈಯಲ್ಲಿ ಸವರಿ ಎಳೆ ಸವೆದಿದೆಯೇ ಎಂದು ನೋಡುತ್ತಿದ್ದರು. ಈ ಕಸುಬಿನ ಮೊದಲ ಸುರಕ್ಷಾ ನಿಯಮವೂ ಅದೇ. ಎರಡನೆಯದು, ಬಿಗಿದ ಹಗ್ಗದ ನೇರಕ್ಕೆ ನಿಲ್ಲದಿರುವುದು.

ಆದರೆ ಹಗ್ಗಕ್ಕಿಂತ ದೊಡ್ಡ ಅಪಾಯ ಬೆನ್ನ ಹಿಂದಿನಿಂದ ಬರುತ್ತದೆ. ರಸ್ತೆ ಬದಿಯಲ್ಲಿ ಬಾಗಿ ಕೊಕ್ಕೆ ಹಾಕುತ್ತಿರುವವನಿಗೆ ಹಿಂದಿನಿಂದ ನುಗ್ಗುವ ವಾಹನ ಕಾಣುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಅಧ್ಯಯನದ ಪ್ರಕಾರ 2011ರಿಂದ 2016ರವರೆಗಿನ ಆರು ವರ್ಷಗಳಲ್ಲಿ ಅಲ್ಲಿನ ವಾಹನ ಎಳೆಯುವ ಉದ್ಯಮದಲ್ಲಿ 191 ಮಂದಿ ಸತ್ತರು. ವರ್ಷಕ್ಕೆ ಒಂದು ಲಕ್ಷ ಕೆಲಸಗಾರರಿಗೆ 42.9 ಸಾವು. ಎಲ್ಲ ಖಾಸಗಿ ಉದ್ಯಮಗಳನ್ನು ಸೇರಿಸಿದರೆ ಈ ಸಂಖ್ಯೆ 2.9 ಮಾತ್ರ. ಯಂತ್ರ ಹುಟ್ಟಿ ನೂರು ವರ್ಷಗಳಾದ ಮೇಲಿನ ಲೆಕ್ಕವಿದು!

ಈ ಕಡೆಗೆ ಕಾನೂನಿನ ಕಣ್ಣು ತೆರೆದದ್ದೂ ತಡವಾಗಿಯೇ. 1994ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಅಪಘಾತದ ಸ್ಥಳದಲ್ಲಿ ನೆರವಾಗುತ್ತಿದ್ದ ತುರ್ತುಸೇವಾ ಕಾರ್ಯಕರ್ತನೊಬ್ಬನಿಗೆ ವಾಹನ ಬಡಿಯಿತು. ತಪ್ಪು ಅವನದೇ ಎಂದು ಬರೆದುಕೊಂಡರು. ಇದನ್ನು ಸಹಿಸದೆ ಅವನು ನಡೆಸಿದ ಹೋರಾಟದಿಂದ 1996ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ರಸ್ತೆ ಬದಿಯಲ್ಲಿ ದೀಪ ಮಿನುಗಿಸುತ್ತಾ ನಿಂತ ತುರ್ತು ವಾಹನ ಕಂಡರೆ ಉಳಿದವರು ವೇಗ ತಗ್ಗಿಸಬೇಕು, ಸಾಧ್ಯವಾದರೆ ಪಕ್ಕದ ಸಾಲಿಗೆ ಸರಿಯಬೇಕು. 2012ರಲ್ಲಿ ಹವಾಯಿಯೂ ಸೇರಿ 50 ರಾಜ್ಯಗಳಲ್ಲಿ ಇಂಥ ಕಾನೂನು ಬಂತು. ಆದರೆ ಹಲವು ಕಡೆ ಮೊದಲ ಪಟ್ಟಿಯಲ್ಲಿದ್ದುದು ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳು ಮಾತ್ರ. ಗಾಡಿ ಎಳೆಯುವವನ ಹೆಸರು ಆಮೇಲೆ ಸೇರಿತು. 2008ರಲ್ಲಿ ಹೆದ್ದಾರಿಯಲ್ಲಿ ನಿಂತು ದುಡಿಯುವವರಿಗೆಲ್ಲ ಹೊಳೆಯುವ ಅಂಗಿ ಕಡ್ಡಾಯವಾಯಿತು. ಲಾರಿಯ ಎರಡೂ ಬದಿಗಳಲ್ಲಿ ಹಿಡಿಕೆಗಳು, ದೂರದಿಂದಲೇ ನಡೆಸುವ ರಿಮೋಟುಗಳು ಬಂದವು. ವಾಹನಗಳು ಓಡುವ ಕಡೆಗೆ ನಿಲ್ಲದೆಯೇ ಕೆಲಸ ಮುಗಿಸಲೆಂದು. ಹೋಮ್ಸನ ಊರಾದ ಚಾಟನೂಗಾದಲ್ಲಿ 1995ರಲ್ಲಿ ಈ ವಾಹನಗಳದೇ ವಸ್ತುಸಂಗ್ರಹಾಲಯ ತೆರೆಯಿತು. ಅದರ ಅಂಗಳದಲ್ಲಿ ಕೆಲಸದ ಮೇಲಿದ್ದಾಗಲೇ ಸತ್ತವರ ಹೆಸರುಗಳ ಗೋಡೆ ಎದ್ದದ್ದು 2006ರಲ್ಲಿ. ಮೊದಲು ಯಂತ್ರಕ್ಕೆ ಗೌರವ. ಮನುಷ್ಯನಿಗೆ ಹನ್ನೊಂದು ವರ್ಷಗಳ ನಂತರ.

ನಮ್ಮಲ್ಲಿ? ನಗರಗಳಲ್ಲಿ ಟೋಯಿಂಗ್ ಎಂಬ ಮಾತು ಕೇಳಿದರೇ ಜಗಳದ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಜನರ ದೂರುಗಳು ಹೆಚ್ಚಿ 2022ರ ಆರಂಭದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಅದರ ನಡುವೆ, ಘಾಟಿಯ ತಿರುವಿನಲ್ಲಿ ನಡುರಾತ್ರಿ ಲಾರಿಯ ಅಡಿಗೆ ತೂರಿ ಸರಪಳಿ ಬಿಗಿಯುವ ಕ್ರೇನಿನ ಹುಡುಗ ನಮಗೆ ಕಾಣದೇ ಹೋಗಬಾರದು. ಅವನ ಮೈಮೇಲೆ ಹೊಳೆಯುವ ಅಂಗಿಯಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ರಸ್ತೆಯಲ್ಲಿ ನೆರವಾದವನನ್ನು ಪೊಲೀಸು, ಕೋರ್ಟು ಎಂದು ಅಲೆದಾಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯ 134ಎ ಕಲಮಾಯಿತು. ನೆರವಿನ ಕೈಯನ್ನು ಕಾಯುವುದು ಸಮಾಜದ ಕರ್ತವ್ಯವೆಂದು ನಾವೂ ಒಪ್ಪಿಕೊಂಡ ಹಾಗಾಯಿತು. ಕೂಲಿಗೆ ಗಾಡಿ ಎತ್ತುವವನ ಕೈಯೂ ನೆರವಿನ ಕೈಯೇ ಅಲ್ಲವೇ? ಅವನಿಗೆ ಒಂದು ಅಂಗಿ, ಒಂದು ಒಳ್ಳೆಯ ಸರಪಳಿ ಕೊಡಿಸುವುದು ಮಾಲೀಕನಿಗೆ ಭಾರವಾಗಲಾರದು. ಅವನನ್ನು ಕಂಡಾಗ ವೇಗ ತಗ್ಗಿಸಲು ನಮಗೆ ಕಾನೂನು ಬೇಕಾಗಿಲ್ಲ.

ಮತ್ತೆ ಆ ಕಲ್ಲುಗಳ ಮಾತಿಗೆ ಬರೋಣ. ಚಕ್ರ ಉರುಳದಿರಲಿ, ಹಿಂದಿನವರಿಗೆ ತಿಳಿಯಲಿ ಎಂದು ಇಟ್ಟ ಕಲ್ಲುಗಳವು. ಇಡುವಾಗ ಅವು ಸುರಕ್ಷಾ ಸಾಧನವೇ. ಗಾಡಿ ಹೊರಟ ಮೇಲೂ ಅಲ್ಲೇ ಉಳಿದರೆ, ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿನವನಿಗೆ ಅವೇ ಮೃತ್ಯು. ಅವುಗಳನ್ನು ಎತ್ತಿ ಬದಿಗೆ ಹಾಕಲು ವಿಂಚು ಬೇಡ, ಬೂಮ್ ಬೇಡ. ಎರಡು ಕೈ, ಎರಡು ನಿಮಿಷ ಸಾಕು.