ಘಾಟಿಯ ಇಳಿಜಾರಿಗೆ ಜೀಪು ಬಂದ ಕಥೆ

ಸಹ್ಯಾದ್ರಿಯ ಘಾಟಿಗಳಲ್ಲಿ ಏರುವುದಕ್ಕಿಂತ ಇಳಿಯುವುದೇ ಕಠಿನವೆಂಬ ಅರಿವು, ಮೋಟಾರು ಬರುವುದಕ್ಕೆ ಬಹುಕಾಲ ಮೊದಲೇ ಗಾಡಿ ಹೊಡೆಯುವವರಿಗೆ ಇದ್ದಿತು. ಕರಾವಳಿಯ ಉಪ್ಪನ್ನು ಹೊತ್ತು ಮೇಲೇರಿ, ಮಲೆನಾಡಿನ ಅಡಕೆ ಮೆಣಸುಗಳನ್ನು ತುಂಬಿಕೊಂಡು ಮರಳುತ್ತಿದ್ದ ಬಂಡಿಗಳವರು, ಭಾರವೆಲ್ಲ ಎತ್ತುಗಳ ಕೊರಳಿನ ಮೇಲೆ ನುಗ್ಗದಂತೆ, ಚಕ್ರಕ್ಕೆ ಮರದ ತುಂಡನ್ನು ಒತ್ತಿ ಕಟ್ಟಿಯೋ ಹಿಂದೆ ದಿಮ್ಮಿಯನ್ನು ಎಳೆಯಿಸಿಯೋ ವೇಗವನ್ನು ತಡೆದುಕೊಳ್ಳುತ್ತಿದ್ದರು.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ನಿರ್ಮಿತವಾದ ವಿಲ್ಲಿಸ್ ಜೀಪು, ಯುದ್ಧಾನಂತರ ಸೈನ್ಯದಿಂದ ಮಿಕ್ಕ ಸರಕಾಗಿಯೂ, 1940ರ ದಶಕದ ಕೊನೆಯಿಂದ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿದ ವಾಹನವಾಗಿಯೂ ನಮ್ಮವರ ಕೈಸೇರಿ, ಕ್ರಮೇಣ ಕಾಫಿ ತೋಟಗಳ ಕಚ್ಚಾರಸ್ತೆಗಳನ್ನು ಹೊಕ್ಕಿತು. ಅದರ 60 ಅಶ್ವಶಕ್ತಿಯನ್ನೂ ನಾಲ್ಕು ಚಕ್ರಗಳ ಎಳೆತವನ್ನೂ ಕೊಂಡಾಡಿದವರು ಬಹಳ. ಆದರೆ ಮಲೆನಾಡಿಗೆ ಅದು ತಂದ ನಿಜವಾದ ವರವೆಂದರೆ ನಿಧಾನವೆಂದೇ ನನ್ನ ದೃಢವಾದ ಅಭಿಪ್ರಾಯ. ಮುಖ್ಯ ಗೇರುಪೆಟ್ಟಿಗೆಯ ಹಿಂದಿದ್ದ ಇನ್ನೊಂದು ಪೆಟ್ಟಿಗೆಯನ್ನು ಕೆಳದರ್ಜೆಗೆ ಹಾಕಿ ಒಂದನೆಯ ಗೇರಿನಲ್ಲಿ ಬಿಟ್ಟರೆ, ಎಂಜಿನು 25 ಸುತ್ತು ತಿರುಗಿದರೂ ಚಕ್ರಕ್ಕೆ ಒಂದು ಸುತ್ತು ಪೂರ್ಣವಾಗುತ್ತಿರಲಿಲ್ಲ. ಏರುವಾಗ ಬಲವಾಗಿದ್ದ ಇದೇ ಅನುಪಾತವು ಇಳಿಯುವಾಗ ತಡೆಯಾಗಿ, ಎಂಜಿನೇ ಚಕ್ರಗಳನ್ನು ಹಿಡಿದಿಡುತ್ತಿತ್ತು. ಬ್ರೇಕನ್ನೇ ನಂಬಿ ತುಳಿಯುತ್ತ ಇಳಿದವನಿಗಾದರೋ, ಡ್ರಮ್ಮುಗಳು ಕಾದು, ಅತ್ಯಗತ್ಯವಾದ ತಿರುವಿನಲ್ಲಿಯೇ ಹಿಡಿತ ತಪ್ಪುತ್ತಿತ್ತು. ಏರಿದ ಗೇರಿನಲ್ಲಿಯೇ ಇಳಿಯಬೇಕು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಲೇಬಾರದು ಎಂಬ ಡ್ರೈವರುಗಳ ಕಟ್ಟುನಿಟ್ಟಿಗೆ ಕಾರಣವಿದು.

ಮುಂದಿನ ಹಿಂದಿನ ಅಚ್ಚುಗಳ ನಡುವೆ ಕೇವಲ 80 ಅಂಗುಲವಿದ್ದುದರಿಂದ, ಆಗುಂಬೆಯ 14 ಹಿಮ್ಮುರಿ ತಿರುವುಗಳಂತಹ ಎಡೆಗಳಿಗೆ ಈ ಗಿಡ್ಡ ವಾಹನವು ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಅಗಲಕ್ಕೆ ತಕ್ಕಷ್ಟಕ್ಕಿಂತ ಎತ್ತರವಾಗಿದ್ದ ಅದರ ಆಕಾರವು ಗುಡ್ಡದ ಓರೆಯಲ್ಲಿ ಅಡ್ಡಲಾಗಿ ನಡೆದರೆ ಉರುಳುವ ಸ್ವಭಾವದ್ದು. ಆದುದರಿಂದ ದಿಬ್ಬವನ್ನು ನೇರವಾಗಿ ಏರಿ ನೇರವಾಗಿಯೇ ಇಳಿಯಬೇಕಾಗಿತ್ತು. ನಡು ಏರಿನಲ್ಲಿ ಎಂಜಿನು ನಿಂತುಹೋದಾಗ ಅಲ್ಲಿಯೇ ತಿರುಗಿಸಲು ಹೊರಟು ಪ್ರಾಣ ಕಳೆದುಕೊಳ್ಳುವ ಅಪಾಯವು ಎಷ್ಟು ದೊಡ್ಡದೋ, ಅದರಿಂದ ಪಾರಾಗುವ ಉಪಾಯವು ಅಷ್ಟೇ ಸರಳ: ಬ್ರೇಕು ಹಿಡಿದು, ರಿವರ್ಸ್ ಗೇರು ಹಾಕಿ, ಎಂಜಿನನ್ನು ಮತ್ತೆ ಚಾಲೂ ಮಾಡಿ, ಕ್ಲಚ್ಚನ್ನು ಪೂರ್ತಿ ಬಿಟ್ಟು, ಬಂದ ಜಾಡಿನಲ್ಲಿಯೇ ಹಿಂದಕ್ಕೆ ಇಳಿಯುವುದು.

1,343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಜೀಪುಗಳು ಇಂದಿಗೂ ಕಲ್ಲುಕೊರಕಲುಗಳ ಹಾದಿಯಲ್ಲಿ ಈ ಶಿಸ್ತಿನಿಂದಲೇ ನಡೆಯಬೇಕಾಗಿದೆ. ಎರಡು ವಾಹನಗಳಿಗೆ ಎಡೆಯಿಲ್ಲದ ಬೆಟ್ಟದ ರಸ್ತೆಯಲ್ಲಿ ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಬಿಡತಕ್ಕದ್ದೆಂದು 1989ರ ರಸ್ತೆ ನಿಯಮಾವಳಿಯೂ ವಿಧಿಸಿತು. ಇಳಿಯುವವನು ನಿಂತರೆ ಬ್ರೇಕು ಸಡಿಲಿಸಿ ಮತ್ತೆ ಹೊರಡಬಲ್ಲನು. ಏರುವವನಾದರೋ ಒಮ್ಮೆ ನಿಂತನೆಂದರೆ, ತುಂಬಿದ ಭಾರದೊಡನೆ, ಕೆಸರಿನಲ್ಲಿ, ಹಿಂದಕ್ಕೆ ಜಾರದಂತೆ ಹೊಸದಾಗಿ ಹೊರಡಬೇಕಾಗುತ್ತದೆ.