ದಂತವೈದ್ಯನ ಮೇಣದಿಂದ ಉಸಿರಿನ ಕೊಳವೆಯವರೆಗೆ



ಗಡಹಿಂಗ್ಲಜ, ಇಚಲಕರಂಜಿ ಕಡೆಯ ಹಿರಿಯರಿಗೆ ದೊಡ್ಡ ಕಾಯಿಲೆ ಎಂದರೆ ನೆನಪಾಗುವ ಊರು ಮಿರಜ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ವತಿಯಿಂದ ಭಾರತಕ್ಕೆ ಬಂದರು. 1894ರಲ್ಲಿ ಮಿರಜದಲ್ಲಿ ಅವರ ಆಸ್ಪತ್ರೆ ತೆರೆಯಿತು. ಕ್ಷಯರೋಗಿಗಳಿಗಾಗಿ ಮುಂದೆ ಕಟ್ಟಿದ ಆರೋಗ್ಯಧಾಮದ ಜಾಗಕ್ಕೆ ಈಗಲೂ ವಾನ್ಲೆಸ್‌ವಾಡಿ ಎಂದೇ ಹೆಸರು. ಕ್ಷಯಕ್ಕೆ ಔಷಧವೇ ಇಲ್ಲದ ಆ ದಿನಗಳಲ್ಲಿ ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ ಇವೇ ಮುಖ್ಯ ಚಿಕಿತ್ಸೆ. ಎದೆಗೂಡು ತೆರೆದರೆ ಶ್ವಾಸಕೋಶ ಕುಗ್ಗಿಬಿಡುತ್ತದೆ; ಆದ್ದರಿಂದ ಎದೆಯ ಶಸ್ತ್ರಚಿಕಿತ್ಸೆಗೆ ಪ್ರಪಂಚದ ದೊಡ್ಡ ಆಸ್ಪತ್ರೆಗಳೂ ಹೆದರುತ್ತಿದ್ದವು.

ಆ ಹೆದರಿಕೆಯನ್ನು ದಾಟಿದವರಲ್ಲಿ ಒಬ್ಬರು ನ್ಯೂಯಾರ್ಕಿನ ಫ್ರಾಂಜ್ ಟೋರೆಕ್. 1913ರಲ್ಲಿ ಅವರು ಕ್ಯಾನ್ಸರ್ ತಗುಲಿದ ಅನ್ನನಾಳವನ್ನು ಎದೆಯೊಳಗಿಂದ ತೆಗೆದುಹಾಕಿದರು. ಆದರೆ ಊಟ ಕೆಳಗಿಳಿಯುವ ದಾರಿ? ಕುತ್ತಿಗೆಯಿಂದ ಹೊಟ್ಟೆಯವರೆಗೆ ದೇಹದ ಹೊರಗೇ ಒಂದು ರಬ್ಬರ್ ನಳಿಕೆ ಜೋಡಿಸಿದರು. ಆ ಮಹಿಳೆ ಹೀಗೆಯೇ ಉಣ್ಣುತ್ತಾ ಹನ್ನೆರಡು ವರ್ಷಕ್ಕೂ ಹೆಚ್ಚು ಬದುಕಿದರು. 1946ರಲ್ಲಿ ಬ್ರಿಟನ್ನಿನ ಐವರ್ ಲೂಯಿಸ್ ವಿವರಿಸಿದ ಶಸ್ತ್ರಚಿಕಿತ್ಸೆಯಲ್ಲಿ ಹೊರಗಿನ ನಳಿಕೆ ಬೇಕಿಲ್ಲ. ಜಠರವನ್ನೇ ಮೇಲಕ್ಕೆಳೆದು ಎದೆಯೊಳಗೆ ಅನ್ನನಾಳದ ಉಳಿದ ಭಾಗಕ್ಕೆ ಹೊಲಿಯುತ್ತಾರೆ. ಅನ್ನನಾಳದ ಕ್ಯಾನ್ಸರ್‌ಗೆ ಇಂದಿಗೂ ಇದೇ ಮಾದರಿ ಬಳಕೆಯಲ್ಲಿದೆ. ತಂಬಾಕು, ಗುಟ್ಕಾ ಬಿಡದ ನಮ್ಮ ಭಾಗದವರಿಗೆ ಇದು ದೂರದ ವಿಷಯವಲ್ಲ.

ತೊಂದರೆ ಹುಟ್ಟುವುದು ನೆರೆಹೊರೆಯಿಂದ. ಮೇಲೆಳೆದ ಜಠರ ಶ್ವಾಸನಾಳಕ್ಕೆ ಅಂಟಿದಂತೆ ಕೂರುತ್ತದೆ. ಹೊಲಿಗೆ ಸೋರಿದರೆ, ಹುಣ್ಣಾದರೆ, ಅಥವಾ ವಿಕಿರಣ ಚಿಕಿತ್ಸೆಯಿಂದ ಅಂಗಾಂಶ ಸೊರಗಿದರೆ, ಅಪರೂಪಕ್ಕೆ ಇವೆರಡರ ನಡುವೆ ತೂತು ಬೀಳುತ್ತದೆ. ವೈದ್ಯರು ಇದನ್ನು ಫಿಸ್ಟುಲಾ ಎನ್ನುತ್ತಾರೆ. ಆಗ ಒಂದು ಗುಟುಕು ನೀರು ಕುಡಿದರೂ ಕೆಮ್ಮು. ಏನೂ ಕುಡಿಯದೆ ಮಲಗಿದರೂ ಜಠರದ ಆಮ್ಲ ತಾನಾಗಿ ಶ್ವಾಸಕೋಶಕ್ಕೆ ಹರಿದು ಸುಡುತ್ತದೆ. ಮತ್ತೆ ಮತ್ತೆ ನ್ಯುಮೋನಿಯಾ. ಕ್ಯಾನ್ಸರ್ ಗೆದ್ದವರು ಈ ತೂತಿಗೆ ಸೋಲುವುದುಂಟು.

ಊಟದ ದಾರಿಯ ಕಡೆಯಿಂದಲೇ ತೂತು ಮುಚ್ಚಬಾರದೇ ಎಂದು ಕೇಳಬಹುದು. ಅನ್ನನಾಳ ಕಿರಿದು, ಅಲ್ಲಿ ಕೊಳವೆ ಬಿಗಿಯಾಗಿ ಕೂರುತ್ತದೆ. ಆದರೆ ಜಠರ ಅಗಲ. ಕೊಳವೆ ಅದರ ಗೋಡೆಗೆ ಒತ್ತಿ ನಿಲ್ಲುವುದೇ ಇಲ್ಲ. ಹಾಗಾಗಿ ಉಸಿರಿನ ಕಡೆಯಿಂದ ಮುಚ್ಚಬೇಕಾಯಿತು.

ಆ ಕೊಳವೆಯ ಹೆಸರು ಸ್ಟೆಂಟ್. ಹೃದಯದ ರಕ್ತನಾಳಕ್ಕೆ ಹಾಕುವುದನ್ನು ನೀವೆಲ್ಲ ಕೇಳಿದ್ದೀರಿ. ಆದರೆ ಹೆಸರು ಬಂದದ್ದು ಹೃದಯತಜ್ಞರಿಂದಲ್ಲ, ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಅವರಿಂದ! 1856ರಲ್ಲಿ ಅವರು ಹಲ್ಲಿನ ಅಚ್ಚು ತೆಗೆಯಲು ಮೇಣದಂಥ ಒಂದು ಮಿಶ್ರಣ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಡಚ್ ವೈದ್ಯ ಎಸ್ಸರ್ ಗಾಯಾಳುಗಳಿಗೆ ಕಸಿ ಮಾಡಿದ ಚರ್ಮವನ್ನು ಅದೇ ಮಿಶ್ರಣದಿಂದ ಹಿಡಿದು ನಿಲ್ಲಿಸಿದರು. ಕ್ರಮೇಣ ದೇಹದ ದಾರಿಯನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಸಾಧನಕ್ಕೇ ಆ ಹೆಸರು ಅಂಟಿತು. 1990ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಡ್ಯೂಮೊ ಶ್ವಾಸನಾಳಕ್ಕೆಂದೇ ಸಿಲಿಕೋನ್ ಸ್ಟೆಂಟ್ ತಂದರು. ಜಾರದಿರಲೆಂದು ಅದರ ಮೈಮೇಲೆ ಸಣ್ಣ ಗುಬುಟುಗಳಿದ್ದವು. ಲೋಹದ ತಂತಿಯಿಂದ ಹೆಣೆದ ಸ್ಟೆಂಟುಗಳೂ ಇವೆ. ಇಚಲಕರಂಜಿಯ ಮಗ್ಗದವರು ನೋಡಿದರೆ ಹೆಣಿಗೆಯ ಲೆಕ್ಕ ಕೂಡಲೇ ಹಿಡಿದಾರು. ಸೋರಿಕೆ ತಡೆಯಬೇಕಾದಾಗ ಆ ಹೆಣಿಗೆಗೆ ಮೇಲೊಂದು ಹೊದಿಕೆ ಇರುತ್ತದೆ.

ಆದರೂ ಅಂಗಡಿಯ ರೆಡಿಮೇಡ್ ಅಂಗಿ ಎಲ್ಲರಿಗೂ ಕೂರುವುದಿಲ್ಲ. ಶ್ವಾಸನಾಳ ಕೆಳಗೆ ಎರಡು ಕವಲಾಗುತ್ತದೆ. ಬಲಗವಲು ಗಿಡ್ಡ ಮತ್ತು ನೇರ, ಎಡಗವಲು ಉದ್ದ ಮತ್ತು ಓರೆ. ತೂತು ಆ ಕವಲಿನ ಹತ್ತಿರವಿದ್ದರೆ ಇಂಗ್ಲಿಷಿನ ವೈ ಅಕ್ಷರದಂಥ ಕೊಳವೆ ಬೇಕು. ಸಡಿಲವಾದರೆ ಆಮ್ಲ ಪಕ್ಕದಿಂದ ನುಸುಳುತ್ತದೆ, ಕೊಳವೆಯೂ ಜಾರುತ್ತದೆ. ಬಿಗಿಯಾದರೆ ಗೋಡೆ ಸವೆದು ತೂತೇ ದೊಡ್ಡದಾಗುತ್ತದೆ. ಅನ್ನನಾಳದ ಕ್ಯಾನ್ಸರ್ ಬಹಳ ಹೆಚ್ಚಿರುವ ಚೀನಾದ ಹೆನಾನ್ ಪ್ರಾಂತ್ಯದಲ್ಲಿ, ಝೆಂಗ್‌ಝೌ ನಗರದ ವೈದ್ಯರು ಇದಕ್ಕಾಗಿ ವೈ ಆಕಾರದ ಹೊದಿಕೆಯ ಸ್ಟೆಂಟುಗಳನ್ನು ಬಳಸುತ್ತಾ ಬಂದರು. ಅಗತ್ಯ ಇರುವಲ್ಲಿ ಕೆಲಸವೂ ಬೇಗ ಕಲಿಯಲಾಗುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಅಚ್ಚಿನ ದಾರಿ ಹಿಡಿದರು. ರೋಗಿಯ ಸಿಟಿ ಸ್ಕ್ಯಾನ್‌ನಿಂದ ಕಂಪ್ಯೂಟರಿನಲ್ಲಿ ಸ್ಟೆಂಟ್ ರೂಪಿಸಿ, ಅದರ ಅಚ್ಚನ್ನು ತ್ರೀಡಿ ಮುದ್ರಣದಲ್ಲಿ ತೆಗೆದು, ಆ ಅಚ್ಚಿಗೆ ಸಿಲಿಕೋನ್ ತುಂಬುವುದು. ಕೊಲ್ಹಾಪುರದ ಶಿರೋಲಿಯ ಫೌಂಡ್ರಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಿಲ್ಲ: ಮೊದಲು ಅಚ್ಚು, ಆಮೇಲೆ ಎರಕ. ವ್ಯತ್ಯಾಸವಿಷ್ಟೇ, ಇಲ್ಲಿನ ಅಚ್ಚು ಒಬ್ಬರೇ ಮನುಷ್ಯರಿಗಾಗಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಸ್ಟೆಂಟ್ ಹಾಕಿದೊಡನೆ ತೂತು ಮಾಯುವುದಿಲ್ಲ. ಅದು ಬರೀ ಮುಚ್ಚಳ. ಒಳಗೆ ಕಫ ಕಟ್ಟುತ್ತದೆ, ಆಗಾಗ ಬ್ರಾಂಕೋಸ್ಕೋಪಿನಲ್ಲಿ ನೋಡಿ ಶುಚಿ ಮಾಡಬೇಕು. ಶ್ವಾಸಕೋಶದ ಸೋಂಕು ಇಳಿಯುವವರೆಗೆ ಊಟ ಹೆಚ್ಚಾಗಿ ಟ್ಯೂಬಿನ ಮೂಲಕವೇ. ಕೆಲವರಲ್ಲಿ ತಿಂಗಳುಗಳ ಬಳಿಕ ತೂತು ಮಾಯ್ದು, ಸ್ಟೆಂಟ್ ತೆಗೆಯಲಾಗುತ್ತದೆ. ಕೆಲವರಿಗೆ ಮುಂದೆ ಶಸ್ತ್ರಚಿಕಿತ್ಸೆ ತಾಳಿಕೊಳ್ಳುವಷ್ಟು ಶಕ್ತಿ ಬರುತ್ತದೆ. ಇನ್ನು ಕೆಲವರಲ್ಲಿ ಅದು ಕೊನೆಯವರೆಗೂ ಉಳಿಯುತ್ತದೆ. ಆದರೆ ಅಷ್ಟು ದಿನ ಮನೆಯವರೊಡನೆ ಕುಳಿತು, ಕೆಮ್ಮದೆ, ಒಂದು ಬಟ್ಟಲು ಗಂಜಿ ಕುಡಿಯಬಹುದು.